ಗಾಳಿತಂಪಿನ ಎಂಜಿನ್ನೂ ಬಲವರ್ಧನೆಯ ಪ್ರಶ್ನೆಯೂ

ಹಳೆಯ ಕಾರಿನ ಎಂಜಿನ್ನನ್ನು ಬಿಚ್ಚಿ, ಅದು ಕಾರ್ಖಾನೆಯಿಂದ ಹೊರಟ ದಿನ ಕೊಡುತ್ತಿದ್ದುದಕ್ಕಿಂತ ಹೆಚ್ಚಿನ ಬಲವನ್ನು ಅದರಿಂದ ಪಡೆಯಬೇಕೆಂಬ ಆಸೆ ಯಂತ್ರಪ್ರಿಯರಲ್ಲಿ ಮೋಟಾರು ಹುಟ್ಟಿದಂದಿನಿಂದಲೂ ಇರುವಂಥದೇ. ಆದರೆ ಆ ಎಂಜಿನ್ನು ನೀರಿಗೆ ಬದಲಾಗಿ ಗಾಳಿಯಿಂದ ತಣಿಯುವ ಜಾತಿಯದಾದ ಪಕ್ಷದಲ್ಲಿ, ಆ ಆಸೆಯ ಬೆನ್ನಿಗೇ ಒಂದು ಕಠಿಣವಾದ ಲೆಕ್ಕಾಚಾರವೂ ಬಂದು ನಿಲ್ಲುತ್ತದೆ. ಪೆಟ್ರೋಲಿನ ಶಾಖದಲ್ಲಿ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಇಂಥ ಹಳೆಯ ಎಂಜಿನ್ನುಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಉಳಿದುದೆಲ್ಲ ಸೈಲೆನ್ಸರಿನ ಮೂಲಕವೋ, ಸಿಲಿಂಡರಿನ ಮೈಯ ಮೂಲಕವೋ, ಆಯಿಲಿನ ಮೂಲಕವೋ ಹೊರಕ್ಕೆ ಹೋಗಲೇಬೇಕು. ನೀರುತಂಪಿನ ಎಂಜಿನ್ನು ಬಚ್ಚಲೊಲೆಯ ಹಂಡೆಯಂತೆ ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ ಕೊಂಚಮಟ್ಟಿನ ಅತಿರೇಕವನ್ನು ಸಹಿಸಿಕೊಳ್ಳಬಲ್ಲದು. ಗಾಳಿತಂಪಿನದಕ್ಕೆ ಅಂಥ ಉಳಿತಾಯವಿಲ್ಲ. ಅದರ ಹೆಡ್ಡಿನ ಉಷ್ಣತೆ ನಿಮಿಷಾರ್ಧದಲ್ಲಿ ಏರುತ್ತದೆ, ಏರಿದ್ದನ್ನು ಮುಳ್ಳು ತೋರಿಸುವ ಮೀಟರು ಮೂಲದಲ್ಲಿ ಇರುವುದೂ ಇಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟುಗಳ ಹಳೆಯ ಮನೆಗಳ ಪೋರ್ಟಿಕೋಗಳಲ್ಲಿ ಬಟ್ಟೆಯ ಹೊದಿಕೆಯಡಿ ನಿಂತಿರುವ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳನ್ನೂ, ಅಪರೂಪಕ್ಕೆ ಕಾಣುವ ಪುಟ್ಟ ಫಿಯಟ್ 500ನ್ನೂ, ಅವುಗಳ ಪಕ್ಕದಲ್ಲೇ ನಿಂತಿರುವ ಯೆಜ್ದಿ, ಆರ್‌ಡಿ 350, ಆರ್‌ಎಕ್ಸ್ 100 ಮೋಟಾರುಸೈಕಲ್ಲುಗಳನ್ನೂ ಕುರಿತು ಈ ಬಲವರ್ಧನೆಯ ಪ್ರಶ್ನೆಯನ್ನು ಒಟ್ಟಾರೆಯಾಗಿ ಪರಾಮರ್ಶಿಸುವುದು ಪ್ರಕೃತ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು: ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಈ ಊರಿನಲ್ಲಿ, ತಂಪಿನ ಏರ್ಪಾಟಿಗೆ ಮೊದಲು ಹಣವನ್ನೂ ಶ್ರಮವನ್ನೂ ವೆಚ್ಚಮಾಡಿ, ಬಲವನ್ನು ಆಮೇಲೆ ಕೇಳುವವನೇ ಕೊನೆಗೆ ಹೆಚ್ಚು ಬಲವನ್ನು ಪಡೆಯುತ್ತಾನೆ. ಹೊರದೇಶದ ಪುಸ್ತಕಗಳಲ್ಲಿ ಹೇಳಿರುವ ಭಾಗಗಳ ಪಟ್ಟಿಯನ್ನು ಹಾಗೆಯೇ ಇಲ್ಲಿಗೆ ತಂದು ಜೋಡಿಸುವುದು ಸರಿಯಾದ ಕ್ರಮವಲ್ಲ.

ಈ ವಿದ್ಯೆಯ ಪೂರ್ವಚರಿತ್ರೆ ಕುತೂಹಲಕರವಾದುದು. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನಲ್ಲಿ ಪೋರ್ಶೆಯ ಹೆಸರು ಹೊತ್ತು ಹೊರಬಿದ್ದ ಮೊದಲನೆಯ ಕಾರಿನಲ್ಲಿದ್ದುದು ಬೀಟಲಿನ 1131 ಸಿ.ಸಿ. ಎಂಜಿನ್ನೇ, ಹೆಡ್ಡುಗಳನ್ನು ತಿದ್ದಿ, ಕಂಪ್ರೆಶನ್ನನ್ನು ಏರಿಸಿ, 25 ಅಶ್ವಶಕ್ತಿಯಿದ್ದುದನ್ನು 35ಕ್ಕೆ ಒಯ್ದಿದ್ದರು. ಅಂದರೆ ಇಂದು ಲೋಕವಿಖ್ಯಾತವಾಗಿರುವ ಆ ಕಾರಿನ ವಂಶವೇ ಬೀಟಲ್ ಟ್ಯೂನಿಂಗಿನಿಂದ ಆರಂಭವಾಯಿತೆನ್ನಬಹುದು. ಐವತ್ತರ ದಶಕದಲ್ಲಿ ಗೆರ್ಹಾರ್ಡ್ ಓಟಿಂಗರ್ ಎಂಬ ಜರ್ಮನ್ ಎಂಜಿನಿಯರು ‘ಒಕ್ರಾಸಾ’ ಹೆಸರಿನಲ್ಲಿ, ಪ್ರತಿಯೊಂದು ಸಿಲಿಂಡರಿಗೂ ಪ್ರತ್ಯೇಕವಾದ ಒಳದಾರಿಯುಳ್ಳ ಹೆಡ್ಡುಗಳನ್ನೂ ಜೋಡಿ ಕಾರ್ಬುರೇಟರುಗಳನ್ನೂ ಮಾರುತ್ತಿದ್ದ. ಮೂಲ ಬೀಟಲಿನಲ್ಲಿ ಎರಡೆರಡು ಸಿಲಿಂಡರುಗಳು ಒಂದೇ ದಾರಿಯನ್ನು ಹಂಚಿಕೊಳ್ಳುತ್ತಿದ್ದುದರಿಂದ ಇದು ಸಣ್ಣ ಸುಧಾರಣೆಯಾಗಿರಲಿಲ್ಲ. ಕಾರ್ಖಾನೆಯವರು ತಾವೇ ಅದನ್ನು 1600 ಎಂಜಿನ್ನಿಗೆ ಅಳವಡಿಸಿದ್ದು 1971ರ ಮಾದರಿಯಲ್ಲಿ. ಖಾಸಗಿ ಗ್ಯಾರೇಜಿನವನು ಇಪ್ಪತ್ತು ವರ್ಷ ಮೊದಲು ಕಂಡದ್ದನ್ನು ಕಾರ್ಖಾನೆ ಆಮೇಲೆ ಒಪ್ಪಿಕೊಂಡಿತು. ಇತ್ತ ಕ್ಯಾಲಿಫೋರ್ನಿಯಾದಲ್ಲಿ ಜೋ ವಿಟ್ಟೋನಿಯ ಎಂಪಿ ಸಂಸ್ಥೆಯೂ ಜೀನ್ ಬರ್ಗ್ ಮುಂತಾದವರೂ ಅರುವತ್ತರ ದಶಕದಲ್ಲಿ ಬೀಟಲನ್ನು ಕಾಲುಮೈಲಿಯ ಓಟದ ಪಂದ್ಯಕ್ಕೆ ಇಳಿಸಿದರು. ಇಟಲಿಯಲ್ಲಿ ಕಾರ್ಲೋ ಅಬಾರ್ತ್ ಮಾಡಿದ ಕೆಲಸ ನನಗೆ ಇವೆಲ್ಲಕ್ಕಿಂತ ಹೆಚ್ಚು ಬೋಧಪ್ರದವಾಗಿ ತೋರುತ್ತದೆ: ಎರಡೇ ಸಿಲಿಂಡರಿನ ಫಿಯಟ್ 500ರ 70 ಮಿಲಿಮೀಟರಿನ ಸ್ಟ್ರೋಕನ್ನು ಹಾಗೆಯೇ ಉಳಿಸಿಕೊಂಡು, ಬೋರನ್ನು ಮಾತ್ರ 67.4ರಿಂದ 73.5ಕ್ಕೆ ಏರಿಸಿ, 594 ಸಿ.ಸಿ.ಯಿಂದ 27 ಅಶ್ವಶಕ್ತಿಯನ್ನು ಪಡೆದ. ಮೂಲದಲ್ಲಿ ಅದು ಹದಿನೆಂಟನ್ನು ಮುಟ್ಟುತ್ತಿರಲಿಲ್ಲ. ಆತ ಕೇಳಿದ್ದು ಅಷ್ಟು ಮಾತ್ರ; ಆದುದರಿಂದಲೇ ಆ ಪುಟ್ಟ ಎಂಜಿನ್ನುಗಳು ಬಾಳಿದವು.

ಬೆಂಗಳೂರಿಗೆ ಗಾಳಿತಂಪಿನ ಎಂಜಿನ್ನು ಬೀಟಲಿನೊಡನೆ ಬಂದುದಲ್ಲ ಎಂಬ ಸಂಗತಿಯನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಚಿತ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟಿನಲ್ಲಿ, ಯುದ್ಧಕಾಲದುದ್ದಕ್ಕೂ ಮಿತ್ರಪಕ್ಷದ ವಿಮಾನಗಳ ಗಾಳಿತಂಪಿನ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಕೆಲಸ ನಡೆಯುತ್ತಿತ್ತು. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾಗಿ 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ್ದು ತಲೆಕೆಳಗಾಗಿ ನಿಲ್ಲಿಸಿದ ನಾಲ್ಕು ಸಿಲಿಂಡರುಗಳ ಗಾಳಿತಂಪಿನ ಎಂಜಿನ್ನು. 1958ರ ಪುಷ್ಪಕದ್ದಂತೂ ಬೀಟಲಿನಂತೆಯೇ ಎರಡೆರಡು ಸಿಲಿಂಡರುಗಳು ಎದುರುಬದುರಾಗಿ ಮಲಗಿದ ಕಾಂಟಿನೆಂಟಲ್ ಎಂಜಿನ್ನು. ಈ ಸಾದೃಶ್ಯವನ್ನು ಅಂಕಿಗಳಲ್ಲಿ ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ಪುಷ್ಪಕದ ಎಂಜಿನ್ನು ಸುಮಾರು 3.3 ಲೀಟರಿನದು, ಬಲ 90 ಅಶ್ವಶಕ್ತಿ. ಅಂದರೆ ಲೀಟರಿಗೆ ಇಪ್ಪತ್ತೇಳು. ಬೀಟಲಿನ 1192 ಸಿ.ಸಿ. ಎಂಜಿನ್ನು ಕೊಡುವುದು 34 ಅಶ್ವಶಕ್ತಿ; ಲೀಟರಿಗೆ ಇಪ್ಪತ್ತೆಂಟೂವರೆ. ಆಕಾಶದಲ್ಲಿ ನಿಂತುಹೋದರೆ ಪ್ರಾಣಾಪಾಯವಾಗುವ ಯಂತ್ರವನ್ನೂ, ಇಡೀ ದಿನ ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿದರೂ ಕೆಡದಿರಲೆಂದು ನಿರ್ಮಿಸಿದ ಕಾರನ್ನೂ ರೂಪಿಸಿದವರು, ಪರಸ್ಪರ ಸಂಬಂಧವಿಲ್ಲದೆಯೇ, ಬಹುಮಟ್ಟಿಗೆ ಒಂದೇ ಅಂಕಿಗೆ ಬಂದು ನಿಂತರು. ಇಂದು ಆಸಕ್ತರು ಕಟ್ಟಿಸಿಕೊಳ್ಳುವ 1776 ಸಿ.ಸಿ.ಯ ಬೀಟಲ್ ಎಂಜಿನ್ನು ತೊಂಬತ್ತು ನೂರರ ನಡುವೆ ಕೊಡುತ್ತದೆ. ಲೀಟರಿಗೆ ಐವತ್ತಕ್ಕೂ ಮೇಲೆ. ವಿಮಾನಕ್ಕಾದರೋ ಪ್ರೊಪೆಲ್ಲರಿನ ಗಾಳಿ ಸದಾ ಮೈಮೇಲೆ ಬೀಸುತ್ತಿರುತ್ತದೆ. ಬನಶಂಕರಿ ಬಸ್ ನಿಲ್ದಾಣದ ಮುಂದೆ ನಿಂತ ಕಾರಿಗೆ ಆ ಭಾಗ್ಯವಿಲ್ಲ.

ಆದುದರಿಂದ ಮೊದಲ ವಿಚಾರ ತಂಪಿನದು. ಬೀಟಲಿನಲ್ಲಿ ತಂಪಿನ ಫ್ಯಾನು ಡೈನಮೋದ ಶಾಫ್ಟಿನ ಮೇಲೆಯೇ ಕೂತಿದೆ. ಒಂದೇ ಬೆಲ್ಟು ಎರಡನ್ನೂ ತಿರುಗಿಸುತ್ತದೆ, ಕ್ರ್ಯಾಂಕಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ವೇಗವಾಗಿ. ಹೀಗಿರುವುದರಿಂದ ಡೈನಮೋದ ಕೆಂಪು ದೀಪ ಹೊತ್ತಿಕೊಂಡರೆ ಬ್ಯಾಟರಿಯ ಚಿಂತೆಗಿಂತ ಮೊದಲು ಎಂಜಿನ್ನನ್ನು ನಿಲ್ಲಿಸುವ ಚಿಂತೆ ಮಾಡಬೇಕು. ಬೆಲ್ಟು ಹರಿದಿದ್ದರೆ ಗಾಳಿಯೂ ನಿಂತಿರುತ್ತದೆ. ಸ್ಲೋ ಸ್ಪೀಡಿನಲ್ಲಿ ಫ್ಯಾನಿನ ಗಾಳಿ ಕಡಿಮೆಯೇ, ಆದರೆ ಆಗ ಸುಡುವ ಪೆಟ್ರೋಲೂ ಕಡಿಮೆ, ಆದಕಾರಣ ಮೂಲ ಎಂಜಿನ್ನು ಸಿಗ್ನಲ್ಲಿನಲ್ಲಿ ನಿಂತರೂ ತಡೆದುಕೊಳ್ಳುತ್ತದೆ. ನಿಜವಾಗಿ ಅಪಾಯವಿರುವುದು ಒಂದನೆಯ ಎರಡನೆಯ ಗೇರಿನಲ್ಲಿ ತೆವಳುತ್ತ, ಮತ್ತೆ ಮತ್ತೆ ಪಿಕಪ್ಪು ಕೇಳುತ್ತ, ಎದುರಿನ ಬಸ್ಸಿನ ಬಿಸಿ ಹೊಗೆಯನ್ನೇ ಒಳಗೆ ಎಳೆದುಕೊಳ್ಳುತ್ತ ಹೋಗುವಾಗ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ 2024ರಲ್ಲಿ ಎರಡಂತಸ್ತಿನ ಮೇಲ್ಸೇತುವೆ ತೆರೆದ ಬಳಿಕ ಆ ದಿಕ್ಕಿನ ಸಂಕಟ ಕೊಂಚ ಕಡಿಮೆಯಾಗಿದೆಯೆಂಬುದು ನಿಜ. ಆದರೂ ಸಂಜೆಯ ಹೊತ್ತು ಬಿ.ಟಿ.ಎಂ. ಕಡೆಗೆ ಹೊರಟ ಗಾಳಿತಂಪಿನ ಕಾರಿನ ಯಜಮಾನ ಧೈರ್ಯವಂತನೇ ಸರಿ.

ಈ ಏರ್ಪಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅನಾದರಕ್ಕೆ ಗುರಿಯಾಗಿರುವುದು ತಗಡು. ಎಂಜಿನ್ನಿನ ಸುತ್ತಲಿನ ತಗಡಿನ ಹೊದಿಕೆಗಳೂ, ಅವುಗಳಂಚಿನ ರಬ್ಬರು ಪಟ್ಟಿಯೂ, ಸಿಲಿಂಡರುಗಳ ಕೆಳಗೆ ಕಣ್ಣಿಗೆ ಬೀಳದಂತೆ ಇರುವ ಗಾಳಿ ತಿರುಗಿಸುವ ತಟ್ಟೆಗಳೂ, ಮೇಲಿನ ತಣ್ಣಗಿನ ಗಾಳಿಯನ್ನೂ ಕೆಳಗಿನ ಬಿಸಿಗಾಳಿಯನ್ನೂ ಬೇರ್ಪಡಿಸುವುದಕ್ಕೆ ಇರುವಂಥವು. ದಶಕಗಳ ಕಾಲ ಎಂಜಿನ್ನನ್ನು ಇಳಿಸಿ ಏರಿಸಿದ ಗ್ಯಾರೇಜುಗಳಲ್ಲಿ ಅವುಗಳಲ್ಲೊಂದೊಂದೇ ಮೂಲೆ ಸೇರಿ, ಕೊನೆಗೆ ಗುಜರಿಗೆ ಹೋಗಿ, ತಾನೇ ಉಗುಳಿದ ಬಿಸಿಗಾಳಿಯನ್ನು ತಾನೇ ಮತ್ತೆ ಸೇವಿಸುವ ಎಂಜಿನ್ನುಗಳು ಉಳಿದಿವೆ. ಥರ್ಮೋಸ್ಟಾಟಿನ ಗತಿಯೂ ಹಾಗೆಯೇ. ನಮ್ಮ ಊರಿಗೆ ಅದು ಬೇಡವೆಂದು ಕಿತ್ತುಹಾಕುವ ವಾಡಿಕೆಯಿದೆ. ತಣ್ಣಗಿರುವಾಗ ಫ್ಯಾನಿನ ಗಾಳಿಯನ್ನು ತಡೆದು ಎಂಜಿನ್ನು ಬೇಗ ಕಾಯುವಂತೆ ಮಾಡುವ ಈ ಸಾಧನವಿಲ್ಲದೆ ಡಿಸೆಂಬರಿನ ಬೆಳಿಗ್ಗೆ ಹೊರಟ ಕಾರು ಬಹಳ ಹೊತ್ತು ತಣ್ಣಗೇ ಓಡಿ, ಸಿಲಿಂಡರಿನ ಗೋಡೆಯನ್ನು ಸವೆಸಿಕೊಳ್ಳುತ್ತದೆ. ಮೂರನೆಯ ಸಿಲಿಂಡರಿನ ಕಥೆ ಪ್ರಸಿದ್ಧವಾದುದು: ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರು ಫ್ಯಾನಿನ ಗೂಡಿನೊಳಗೇ, ಅದೇ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲಿ ನಿಂತಿದ್ದುದರಿಂದ ಮಿಕ್ಕವುಗಳಿಗಿಂತ ಅದು ಹೆಚ್ಚು ಕಾಯುತ್ತಿತ್ತು. 1971ರಿಂದ ಕೂಲರಿಗೆ ಪ್ರತ್ಯೇಕ ಗೂಡನ್ನು ಮಾಡಿ ಈ ದೋಷವನ್ನು ನಿವಾರಿಸಿದರು. ಬಲವರ್ಧನೆಗೆ ಹೊರಟವನು ಮೊದಲು ಕೊಳ್ಳಬೇಕಾದ ವಸ್ತು ಕಾರ್ಬುರೇಟರಲ್ಲ, ಈ ಹೊಸ ಬಗೆಯ ಗೂಡು.

ಆಯಿಲಿನ ವಿಷಯವನ್ನು ಬೇಗ ಮುಗಿಸಬಹುದು. ಮೂಲ ಎಂಜಿನ್ನಿನಲ್ಲಿ ಇರುವುದು ಎರಡೂವರೆ ಲೀಟರು ಆಯಿಲು ಮಾತ್ರ, ಅದಕ್ಕೆ ನಿಜವಾದ ಫಿಲ್ಟರಿಲ್ಲ, ತಂತಿಬಲೆಯ ಜರಡಿಯಷ್ಟೇ ಉಂಟು. ದೊಡ್ಡ ಪಂಪು, ಹೊರಗಡೆಯ ಪೂರ್ಣಪ್ರವಾಹದ ಫಿಲ್ಟರು, ಕೆಳಗೆ ಒಂದಿಷ್ಟು ಹೆಚ್ಚು ಆಯಿಲು ಹಿಡಿಯುವ ಸಂಪು, ಇವು ಬಲವನ್ನು ಕೊಡದಿದ್ದರೂ ಬಲ ಕೊಡುವ ಭಾಗಗಳನ್ನು ಬದುಕಿಸುತ್ತವೆ.

ಎರಡನೆಯ ವಿಚಾರ ಊರಿನ ಎತ್ತರ. ಇಲ್ಲಿಯ ವಾಯುವಿನ ಒತ್ತಡ ಸಮುದ್ರತೀರದಲ್ಲಿರುವುದಕ್ಕಿಂತ ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆ. ಸಾಂದ್ರತೆ ಎಂಟೊಂಬತ್ತರಷ್ಟು ಕಡಿಮೆ. ಎಂಜಿನ್ನು ಒಳಗೆ ತೆಗೆದುಕೊಳ್ಳುವ ಗಾಳಿಯ ತೂಕದಷ್ಟೇ ಅದರ ಬಲವಾದುದರಿಂದ, ಮಂಗಳೂರಿನಲ್ಲಿ ಐವತ್ತು ಕೊಡುವ ಎಂಜಿನ್ನು ಜಯನಗರದಲ್ಲಿ ನಲವತ್ತೈದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಫ್ಯಾನು ಬೀಸುವ ಗಾಳಿಯೂ ಅದೇ ತೆಳುಗಾಳಿ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹವೆಯ ಹಿತವಾದ ತಂಪು ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆಯಾದರೂ ಪೂರ್ತಿಯಾಗಿ ಅಲ್ಲ. ಕಾರ್ಬುರೇಟರು ಗಾಳಿಯ ಗಾತ್ರವನ್ನು ಅಳೆಯುತ್ತದೆಯೇ ಹೊರತು ತೂಕವನ್ನಲ್ಲ. ಆದ್ದರಿಂದ ಸಮುದ್ರಮಟ್ಟಕ್ಕೆ ಹೊಂದಿಸಿದ ಜೆಟ್ಟು ಇಲ್ಲಿ ನೂರಕ್ಕೆ ನಾಲ್ಕೈದರಷ್ಟು ಪೆಟ್ರೋಲನ್ನು ಅಧಿಕವಾಗಿ ಕೊಡುತ್ತದೆ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಹೇಳುವುದಾದರೆ ಗಾಡಿ ರಿಚ್ ಓಡುತ್ತದೆ. ಹಿಂದಿನ ಕಾಲದ ನುರಿತವರು ಬೆಂಗಳೂರಿಗೆ ಒಂದು ಅಳತೆ ಸಣ್ಣ ಜೆಟ್ಟನ್ನು ಹಾಕುತ್ತಿದ್ದುದು ಇದೇ ಕಾರಣಕ್ಕೆ.

ಆದರೆ ಈಗ ಆ ಹಿಂದಿನ ಕ್ರಮವನ್ನು ಕಣ್ಣುಮುಚ್ಚಿ ಅನುಸರಿಸಿದರೆ ಕೇಡುಂಟು. ಬಂಕುಗಳಲ್ಲಿ ಈಗ ದೊರೆಯುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ, ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ಹದಿನಾಲ್ಕು ಮುಕ್ಕಾಲರಷ್ಟು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಹದಿಮೂರೂವರೆಯಷ್ಟು ಸಾಕು. ಅಂದರೆ ಅದೇ ಗಾಳಿಗೆ ಇಂಧನ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಬೇಕು, ಹಳೆಯ ಜೆಟ್ಟಿನಲ್ಲಿ ಓಡಿಸಿದರೆ ಗಾಡಿ ಲೀನ್ ಆಗುತ್ತದೆ. ಎತ್ತರ ಒಂದು ಕಡೆಗೆ ಎಳೆದರೆ ಎಥನಾಲು ಇನ್ನೊಂದು ಕಡೆಗೆ ಎಳೆಯುತ್ತದೆ. ಎರಡೂ ಸೇರಿ, ಕಾರ್ಖಾನೆಯ ಮೂಲ ಜೆಟ್ಟೇ ಇಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಕೊರತೆಬೀಳುತ್ತದೆ. ಬೆಂಗಳೂರಿಗಾಗಿ ಜೆಟ್ಟನ್ನು ಸಣ್ಣದು ಮಾಡಿಸಿಕೊಂಡಿದ್ದ ಹಳೆಯ ಕಾರುಗಳಿಗೇ ಈಗ ಆಪತ್ತು ಹೆಚ್ಚು, ಏಕೆಂದರೆ ಗಾಳಿತಂಪಿನ ಹೆಡ್ಡನ್ನು ಸುಡುವುದು ಲೀನ್ ಮಿಶ್ರಣವೇ. ಎಥನಾಲಿನಿಂದ ಎರಡು ಉಪಕಾರಗಳೂ ಇವೆಯೆಂಬುದನ್ನು ಮರೆಮಾಚಬಾರದು: ಅದು ಆವಿಯಾಗುವಾಗ ಹೆಚ್ಚು ಶಾಖವನ್ನು ಹೀರಿಕೊಂಡು ಒಳಗಾಳಿಯನ್ನು ತಣಿಸುತ್ತದೆ, ನಾಕಿಂಗನ್ನು ತಡೆಯುತ್ತದೆ. ಅಪಕಾರವೆಂದರೆ ಹಳೆಯ ರಬ್ಬರು ಕೊಳವೆಗಳನ್ನೂ ಡಯಾಫ್ರಾಮನ್ನೂ ಅದು ಮೆತ್ತಗಾಗಿಸುವುದು. ಬೀಟಲಿನಲ್ಲಿ ಪೆಟ್ರೋಲಿನ ಕೊಳವೆ ಬಿಸಿ ಎಂಜಿನ್ನಿನ ಮೇಲೆಯೇ ಹಾದುಹೋಗುವುದರಿಂದ, ಈ ಇಂಧನ ತಡೆಯುವ ಹೊಸ ಕೊಳವೆಗಳನ್ನು ಹಾಕಿಸದೆ ಬಲದ ಮಾತನ್ನೇ ಎತ್ತಕೂಡದು.

ಇನ್ನು ಬಲವರ್ಧನೆಯ ಮಾರ್ಗಗಳು. ಅವುಗಳಲ್ಲಿ ಪ್ರಾಚೀನವೂ ಸರಳವೂ ಆದುದು ಗಾತ್ರವೃದ್ಧಿ. ಬೀಟಲಿನ ಸಿಲಿಂಡರುಗಳು ಒಂದೊಂದೂ ಬಿಡಿಬಿಡಿಯಾಗಿ ಕಳಚಿಬರುವುದರಿಂದ, 85.5 ಮಿಲಿಮೀಟರಿನ ಬೋರಿರುವ 1584 ಸಿ.ಸಿ. ಎಂಜಿನ್ನಿಗೆ 87ರ ಸೆಟ್ಟನ್ನು ಹಾಕಿ 1641 ಸಿ.ಸಿ. ಮಾಡುವುದಕ್ಕೆ ಲೇತಿನ ಕೆಲಸವೇ ಬೇಡ. ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರೆ ಆಯಿತು. ಈ ಸೌಲಭ್ಯದಲ್ಲಿಯೇ ಮೋಸವಿದೆ. ಹೊರಗಿನ ವ್ಯಾಸ ಹಾಗೆಯೇ ಉಳಿದು ಒಳಗಿನ ವ್ಯಾಸ ಹಿಗ್ಗಿದರೆ ಗೋಡೆ ತೆಳುವಾಗಲೇಬೇಕು. 88ರ ಸೆಟ್ಟಿನಲ್ಲಂತೂ ಅದು ಎಷ್ಟು ತೆಳುವೆಂದರೆ ಕಾದಾಗ ಸಿಲಿಂಡರು ತನ್ನ ವೃತ್ತಾಕಾರವನ್ನೇ ಕಳೆದುಕೊಳ್ಳುತ್ತದೆ, ರಿಂಗುಗಳು ಹಿಡಿತ ತಪ್ಪುತ್ತವೆ, ಆಯಿಲು ಸುಡತೊಡಗುತ್ತದೆ. ಕ್ರ್ಯಾಂಕ್‌ಕೇಸನ್ನೂ ಹೆಡ್ಡನ್ನೂ ಲೇತಿಗೆ ಕೊಟ್ಟು ಬಾಯಿ ದೊಡ್ಡದು ಮಾಡಿಸಿ, 90.5ರ ದಪ್ಪ ಗೋಡೆಯ ಸಿಲಿಂಡರುಗಳನ್ನು ಕೂರಿಸಿದರೆ 1776 ಸಿ.ಸಿ.; 94ರದಾದರೆ 1915. ನಾನು ಕಂಡಮಟ್ಟಿಗೆ ನಮ್ಮ ಊರಿನ ಉಪಯೋಗಕ್ಕೆ 1776ಕ್ಕಿಂತ ಮುಂದೆ ಹೋಗಲು ತಕ್ಕ ಕಾರಣ ಸಿಗುವುದಿಲ್ಲ. ಕ್ರ್ಯಾಂಕನ್ನು ಬದಲಿಸಿ ಸ್ಟ್ರೋಕನ್ನು ಉದ್ದಮಾಡುವವರೂ ಇದ್ದಾರೆ. ಅದರಿಂದ ಕೆಳವೇಗದ ಎಳೆತ ಚೆನ್ನಾಗಿ ಹೆಚ್ಚುತ್ತದೆಯಾದರೂ ವೆಚ್ಚವೂ ಹೊಂದಾಣಿಕೆಯ ತಾಪತ್ರಯವೂ ಇಮ್ಮಡಿಸುತ್ತವೆ. ಮೂಲ ಕ್ರ್ಯಾಂಕಿಗೆ ಪ್ರತಿತೂಕಗಳಿಲ್ಲವೆಂಬುದನ್ನಂತೂ ನೆನಪಿಡಬೇಕು. ನಾಲ್ಕೂವರೆ ಸಾವಿರ ಸುತ್ತಿನಾಚೆಗೆ ಅದು ಬಾಗತೊಡಗಿ, ಮೆಗ್ನೀಸಿಯಂ ಮಿಶ್ರಲೋಹದ ಮೆತ್ತನೆಯ ಕೇಸಿನಲ್ಲಿ ಬೇರಿಂಗುಗಳ ಪೀಠವನ್ನು ಗುದ್ದಿ ಹಿಗ್ಗಿಸುತ್ತದೆ. ಅದೇ ಕೇಸಿನಿಂದ ಹೆಡ್ಡಿನ ಸ್ಟಡ್ಡುಗಳು ಮರೆ ಸಮೇತ ಕಿತ್ತುಬರುವುದೂ ಉಂಟು; ಉಕ್ಕಿನ ಒಳಮರೆ ಹಾಕಿಸುವುದು ಅಲ್ಪವೆಚ್ಚದ ಕೆಲಸ, ಅದನ್ನು ಕೇಸು ಬಿಚ್ಚಿರುವಾಗಲೇ ಮಾಡಿಸಿಬಿಡಬೇಕು.

ಕಂಪ್ರೆಶನ್ನಿನ ವಿಷಯದಲ್ಲಿ ಅಳತೆಯೇ ಸರ್ವಸ್ವ. 1584 ಸಿ.ಸಿ. ಎಂಜಿನ್ನಿನ ಒಂದು ಸಿಲಿಂಡರು 396 ಸಿ.ಸಿ.; 7.5ಕ್ಕೆ 1ರ ಪ್ರಮಾಣಕ್ಕೆ ಪಿಸ್ಟನ್ನಿನ ಮೇಲೆ ಉಳಿಯಬೇಕಾದ ಜಾಗ 61 ಸಿ.ಸಿ., 8.5ಕ್ಕೆ 53 ಸಿ.ಸಿ. ಇವೆರಡರ ನಡುವಿನ ಅಂತರ ಎಂಟೇ ಸಿ.ಸಿ., ಅಂದರೆ ಎರಡು ಚಮಚೆಯಷ್ಟೂ ಇಲ್ಲ. ಹೆಡ್ಡನ್ನು ಮಗುಚಿ, ಪಾರದರ್ಶಕ ಹಲಗೆಯನ್ನು ಮುಚ್ಚಿ, ಬ್ಯುರೆಟ್ಟಿನಿಂದ ಸೀಮೆಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಈ ಕೆಲಸಕ್ಕೆ ಶಾಲೆಯ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿದ್ದಷ್ಟೇ ತಾಳ್ಮೆ ಸಾಕು, ಆದರೆ ಆ ತಾಳ್ಮೆಯೇ ದುರ್ಲಭ. ನಾಲ್ಕು ಸಿಲಿಂಡರುಗಳಲ್ಲೂ ಈ ಅಳತೆ ಸಮನಾಗಿಲ್ಲದ ಎಂಜಿನ್ನು ಎಷ್ಟೇ ದುಬಾರಿ ಭಾಗಗಳನ್ನು ಹೊತ್ತಿದ್ದರೂ ಒರಟಾಗಿಯೇ ಓಡುತ್ತದೆ. ಬೆಂಗಳೂರಿನ ತೆಳುಗಾಳಿಯಲ್ಲಿ ಒಳಗಿನ ಒತ್ತಡ ತಾನಾಗಿಯೇ ಕಡಿಮೆಯಾಗುವುದರಿಂದ ಇಲ್ಲಿ 8.5ನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ಕರಾವಳಿಗೆ ಇಳಿದು ಸಂಚರಿಸುವ ಉದ್ದೇಶವುಳ್ಳವರು ಎಂಟರಲ್ಲಿ ನಿಲ್ಲುವುದು ಕ್ಷೇಮ.

ಹೆಡ್ಡು, ಕ್ಯಾಮ್, ಕಾರ್ಬುರೇಟರು, ಸೈಲೆನ್ಸರು ಈ ನಾಲ್ಕೂ ಒಂದೇ ಗಾಳಿಯ ದಾರಿಯ ನಾಲ್ಕು ಬಾಗಿಲುಗಳಾದುದರಿಂದ ಒಂದನ್ನು ಮಾತ್ರ ಅಗಲಿಸಿ ಪ್ರಯೋಜನವಿಲ್ಲ. ಜೋಡಿ ವೆಬರ್ 40 ಕಾರ್ಬುರೇಟರುಗಳನ್ನು ತರಿಸಿ ಮೂಲ ಕ್ಯಾಮಿನ ಮೇಲೆ ಕೂರಿಸಿದ ಕಾರುಗಳು ನೋಟಕ್ಕೂ ಶಬ್ದಕ್ಕೂ ಅದ್ಭುತವಾಗಿದ್ದು, ಸಿಗ್ನಲ್ಲಿನಲ್ಲಿ ಆಟೋರಿಕ್ಷಾದ ಹಿಂದೆ ಬೀಳುವುದನ್ನು ಕಾಣಬಹುದು. ಇನ್‌ಲೆಟ್ ವಾಲ್ವನ್ನು 35.5ರಿಂದ 40 ಮಿಲಿಮೀಟರಿಗೆ ಏರಿಸಿದರೆ ಗಾಳಿ ಸಲೀಸಾಗಿ ಬರುತ್ತದೆ, ಆದರೆ ವಾಲ್ವಿನ ಎರಡು ಸೀಟುಗಳ ನಡುವೆಯೂ ಪ್ಲಗ್ಗಿನ ರಂಧ್ರದ ಕಡೆಗೂ ಉಳಿಯುವ ಲೋಹ ಕಿರಿದಾಗಿ, ಹೆಡ್ಡು ಅಲ್ಲಿಯೇ ಬಿರುಕುಬಿಡುತ್ತದೆ. ವಾಲ್ವನ್ನು ಹಾಗೆಯೇ ಬಿಟ್ಟು, ಅದರ ಹಿಂದಿನ ದಾರಿಯ ಎರಕದ ಒರಟನ್ನೂ ಅಡ್ಡತಿರುವನ್ನೂ ಉಜ್ಜಿ ತಿದ್ದುವುದು, ನನ್ನ ಎಣಿಕೆಯಲ್ಲಿ, ವೆಚ್ಚಕ್ಕೆ ಹೋಲಿಸಿದರೆ ಅತ್ಯಂತ ಫಲಪ್ರದವಾದ ಪೋರ್ಟಿಂಗ್ ಕೆಲಸ. ಕ್ಯಾಮಿನಲ್ಲಿ 276 ಡಿಗ್ರಿಯ ಸೌಮ್ಯವಾದುದನ್ನು ಆರಿಸಿಕೊಂಡರೆ ಎರಡರಿಂದ ನಾಲ್ಕೂವರೆ ಸಾವಿರ ಸುತ್ತಿನವರೆಗೆ ಎಳೆತ ಒಳ್ಳೆಯದಾಗಿರುತ್ತದೆ; 284ರದು ಹುಟ್ಟುವುದೇ ಮೂರು ಸಾವಿರದ ಮೇಲೆ. ಕನಕಪುರ ರಸ್ತೆಯಲ್ಲಿ ಭಾನುವಾರ ನಸುಕಿಗೆ ಹೊರಡುವವನಿಗೆ ಎರಡನೆಯದು ಆನಂದದಾಯಕವೇ; ಆದರೆ ಕಾರಿನ ಬದುಕಿನಲ್ಲಿ ಭಾನುವಾರದ ನಸುಕುಗಳಿಗಿಂತ ಸೋಮವಾರದ ಸಂಜೆಗಳೇ ಜಾಸ್ತಿ.

ಕಿಡಿಯ ವಿಷಯ ಬಂದಾಗ ದಕ್ಷಿಣ ಬೆಂಗಳೂರಿಗೆ ಒಂದು ವಿಶೇಷ ಸಂಬಂಧವನ್ನು ಹೇಳಬೇಕಾಗುತ್ತದೆ. ಆಡುಗೋಡಿಯಲ್ಲಿ 1953ರಲ್ಲಿ ಆರಂಭವಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಗ್ಯಾರೇಜುಗಳಿಗೆಲ್ಲ ಪರಿಚಿತವಾಗಿದ್ದವು, ಬಿ.ಟಿ.ಎಂ. ಎರಡನೆಯ ಹಂತದಲ್ಲಿ ಮೈಕೋ ಲೇಔಟೆಂಬ ಹೆಸರು ಈಗಲೂ ನಿಂತಿದೆ, ಕಂಪನಿ ಮಾತ್ರ 2008ರಲ್ಲಿ ಬಾಷ್ ಆಯಿತು. ಬಲ ಹೆಚ್ಚಿಸಿದ ಎಂಜಿನ್ನಿಗೆ ಮೂಲಕ್ಕಿಂತ ಒಂದು ಮೆಟ್ಟಿಲು ತಣ್ಣಗಿನ ಪ್ಲಗ್ಗು ಬೇಕು. ಕಳಚಿ ನೋಡಿದಾಗ ಪಿಂಗಾಣಿಯ ಮೂತಿ ತಿಳಿಗಂದಾಗಿದ್ದರೆ ಮಿಶ್ರಣ ಸರಿ, ಬೆಳ್ಳಗಾಗಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್. ಟೈಮಿಂಗಿನಲ್ಲಿ ಮೂರೂವರೆ ಸಾವಿರ ಸುತ್ತಿಗೆ ಒಟ್ಟು 28ರಿಂದ 32 ಡಿಗ್ರಿ ಮುಂಗಡ ಸಾಕು. ಬಾಷ್ 009 ಎಂಬ, ಕೇವಲ ತೂಕಗಳ ಬಲದಿಂದ ಮುಂಗಡ ಕೊಡುವ ಡಿಸ್ಟ್ರಿಬ್ಯೂಟರನ್ನು ಬೀಟಲಿಗೆ ಹಾಕುವುದು ದಶಕಗಳ ಫ್ಯಾಷನ್ನು. ಮೂಲದ ವ್ಯಾಕ್ಯೂಮಿನದನ್ನು ತೆಗೆದು ಇದನ್ನು ಹಾಕಿದವರು ನಿಧಾನಗತಿಯಲ್ಲಿ ಪಿಕಪ್ಪು ಎಡವುವುದನ್ನು ಅನುಭವಿಸಿ, ಅದಕ್ಕಾಗಿ ಕಾರ್ಬುರೇಟರನ್ನು ದೂಷಿಸುತ್ತ ಬಂದಿದ್ದಾರೆ. ನಗರದ ಓಡಾಟಕ್ಕೆ ವ್ಯಾಕ್ಯೂಮೇ ಉತ್ತಮ. ಮುಂಗಡವನ್ನು ಕಿವಿಯಿಂದ ಹೊಂದಿಸುವ ನಮ್ಮ ಹಳೆಯ ಮೇಸ್ತ್ರಿಗಳ ಕೌಶಲ ಅಸಾಮಾನ್ಯವಾದುದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಫ್ಯಾನಿನ ಗದ್ದಲದಲ್ಲಿ ನಾಕಿಂಗು ಕೇಳಿಸದ ಈ ಒಂದು ಎಂಜಿನ್ನಿಗೆ ಕಿವಿ ಸಾಲದು, ಟೈಮಿಂಗ್ ಲೈಟನ್ನು ಹಿಡಿಯಲೇಬೇಕು.

ಹಾಗಾದರೆ ಈ ಊರಿನಲ್ಲಿ ಇದನ್ನೆಲ್ಲ ಬಲ್ಲವರು ಯಾರು? ಕಾರುಗಳಿಂದ ಕಲಿತವರು ಕಡಿಮೆ. ಆಮದಿನ ನಿರ್ಬಂಧಗಳ ಕಾಲದಲ್ಲಿ ಇಲ್ಲಿ ಓಡಿದ ಬೀಟಲುಗಳೇ ವಿರಳ. ಫಿಯಟ್ 1100, ಅಂಬಾಸಡರ್, ಹೆರಾಲ್ಡುಗಳೆಲ್ಲ ನೀರುತಂಪಿನವು. ಗಾಳಿತಂಪಿನ ವಿದ್ಯೆ ನಮಗೆ ಬಂದದ್ದು ದ್ವಿಚಕ್ರದ ಮೂಲಕ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿಗಳ 65 ಮಿಲಿಮೀಟರ್ ಬೋರು 75 ಮಿಲಿಮೀಟರ್ ಸ್ಟ್ರೋಕಿನ ಸಿಲಿಂಡರನ್ನು ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕದ ಲೇತ್ ಅಂಗಡಿ ಜೆ.ಸಿ. ರಸ್ತೆ, ಕಲಾಸಿಪಾಳ್ಯಗಳ ಸುತ್ತ ಇರಲಿಲ್ಲವೆಂದೇ ಹೇಳಬೇಕು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಯಷ್ಟು ಕಡಿಮೆ ಬಿಟ್ಟರೆ ಸೀಜ್, ಹೆಚ್ಚು ಬಿಟ್ಟರೆ ಗಲಗಲ ಶಬ್ದ, ಇದನ್ನು ಬೆರಳ ತುದಿಯಲ್ಲಿ ಅರಿತ ತಲೆಮಾರು ಅಲ್ಲಿ ಬೆಳೆಯಿತು. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಫರೀದಾಬಾದಿನಲ್ಲಿ ತಯಾರಿಸತೊಡಗಿದ ರಾಜ್‌ದೂತ್ 350, ಅಂದರೆ ಆರ್‌ಡಿ 350, ಬಂದಾಗ ಆ ತಲೆಮಾರಿಗೆ ಹೊಸ ಪಾಠ ದೊರಕಿತು. ಜಪಾನಿನ ಮೂಲ ಯಮಹಾ 39 ಅಶ್ವಶಕ್ತಿ ಕೊಡುತ್ತಿದ್ದರೆ, ಮೈಲೇಜಿನ ಸಲುವಾಗಿ ಉಸಿರನ್ನು ಬಿಗಿಹಿಡಿದ ನಮ್ಮದು 30.5, ಮುಂದಿನ ಮಾದರಿ 27ಕ್ಕೆ ಇಳಿದಿತ್ತು. ಆದ್ದರಿಂದ ಪೋರ್ಟುಗಳನ್ನು ಉಜ್ಜಿ, ಸೈಲೆನ್ಸರನ್ನು ಬದಲಿಸಿ ಬಲ ಹೆಚ್ಚಿಸುವುದೆಂದರೆ ಇಲ್ಲಿ ಬಹುಮಟ್ಟಿಗೆ ಕಳೆದುಹೋಗಿದ್ದುದನ್ನು ಹಿಂದಕ್ಕೆ ಪಡೆಯುವುದೇ ಆಗಿತ್ತು. ಆರ್‌ಎಕ್ಸ್ 100ರ 98 ಸಿ.ಸಿ., 11 ಅಶ್ವಶಕ್ತಿಯ ಪುಟ್ಟ ಎಂಜಿನ್ನು 1985ರಿಂದ ಈಚೆಗೆ ಅದೇ ವಿದ್ಯೆಯ ಬಾಲಪಾಠವಾಗಿದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವಿಲ್ಲ, ಕ್ಯಾಮಿಲ್ಲ. ಗೋಡೆಯ ಕಿಂಡಿಯ ಎತ್ತರವನ್ನು ಅರೆ ಮಿಲಿಮೀಟರು ಏರಿಸಿದರೆ ಅದರ ಸ್ವಭಾವವೇ ಬದಲಾಗುತ್ತದೆ, ಉಜ್ಜಿದ್ದನ್ನು ಮರಳಿ ತುಂಬಲು ಬರುವುದಿಲ್ಲ. ಈ ಶಿಕ್ಷಣ ಪಡೆದ ಕೈಗಳೇ ಇಂದು ಬೀಟಲಿನ ಹೆಡ್ಡುಗಳನ್ನೂ ಮುಟ್ಟುತ್ತಿವೆ. ಅವರ ಬಲ ಲೇತಿನಲ್ಲಿದೆ. ಕೊರತೆಯಿರುವುದು ತಂಪಿನ ಏರ್ಪಾಟಿನಲ್ಲಿ, ಏಕೆಂದರೆ ಮೋಟಾರುಸೈಕಲ್ಲಿಗೆ ಫ್ಯಾನೂ ತಗಡೂ ಇರುವುದಿಲ್ಲ.

ಕಾನೂನಿನ ಮುಖವನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ಆರ್.ಸಿ.ಯಲ್ಲಿ ನಮೂದಾದ ವಿವರಗಳು ಕಾರ್ಖಾನೆಯ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು, ಸಿ.ಸಿ. ಅಂಥ ವಿವರಗಳಲ್ಲಿ ಒಂದು. 2021ರ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶವಿತ್ತವು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ, ನಿತ್ಯದ ಓಡಾಟಕ್ಕೆ ನಿಷೇಧ. ವಾಹನ ಮೂಲರೂಪದಲ್ಲಿರಬೇಕೆಂಬ ಷರತ್ತೂ ಅದರಲ್ಲಿ ಸೇರಿದೆ. ಈಗ ಜಯನಗರದ ಆರ್‌ಟಿಓ ಕಛೇರಿಯ ಮುಂದೆ ನಿಂತ ಯಜಮಾನನ ಧರ್ಮಸಂಕಟವನ್ನು ಊಹಿಸಿಕೊಳ್ಳಬಹುದು: ಮೂಲರೂಪವನ್ನು ಕಾಪಾಡಿದರೆ ಮಾನ್ಯತೆ, ಬಲವನ್ನು ಹೆಚ್ಚಿಸಿದರೆ ಆನಂದ. ಇದಕ್ಕೆ ತಿಳಿದವರು ಅನುಸರಿಸುವ ಉಪಾಯ ಒಂದಿದೆ. ಅಂಕಿ ಹೊತ್ತ ಮೂಲ ಕೇಸನ್ನು ಕೊರೆಸದೆ, ಹೆಡ್ಡು ಸಮೇತ ಆಯಿಲು ಸವರಿ ಪೆಟ್ಟಿಗೆಯಲ್ಲಿಟ್ಟು, ಬೇರೊಂದು ಕೇಸಿನ ಮೇಲೆ ಹೊಸ ಎಂಜಿನ್ನನ್ನು ಕಟ್ಟಿಸಿ ಅದಕ್ಕೆ ಅನುಮತಿ ಪಡೆಯುವುದು. ಶುದ್ಧಾಂಗ ಮೂಲವಾದಿಗಳು ಇದನ್ನೂ ಒಪ್ಪುವುದಿಲ್ಲ. ಅವರೊಡನೆ ವಾದಕ್ಕೆ ನಿಲ್ಲುವುದು ವ್ಯರ್ಥ, ಏಕೆಂದರೆ ಜೆಟ್ಟನ್ನು ಇಲ್ಲಿಯ ಗಾಳಿಗೂ ಪೆಟ್ರೋಲಿಗೂ ತಿದ್ದಿಕೊಳ್ಳದೆ ಅವರ ಕಾರುಗಳೂ ಸರಿಯಾಗಿ ಓಡುವುದಿಲ್ಲ. ಬಲಕ್ಕೆ ತಕ್ಕ ಬ್ರೇಕು ಬೇಕೆಂಬುದರಲ್ಲಿ ಮಾತ್ರ ಎರಡು ಪಂಗಡಗಳಿಗೂ ಭಿನ್ನಾಭಿಪ್ರಾಯವಿರಕೂಡದು. ನಾಲ್ಕು ಡ್ರಮ್ಮುಗಳು 34 ಅಶ್ವಶಕ್ತಿಗೆಂದು ರೂಪಿತವಾದವು.

ಎಲ್ಲವೂ ಮುಗಿದು ಹೊಸ ಕ್ಯಾಮಿನ ಎಂಜಿನ್ನು ಜೋಡಣೆಯಾದ ದಿನವೇ ಅದರ ಆಯುಷ್ಯದ ಬಹುಭಾಗ ನಿರ್ಣಯವಾಗುತ್ತದೆ. ಕ್ಯಾಮಿನ ಮೇಲೂ ಲಿಫ್ಟರುಗಳ ಮೇಲೂ ದಪ್ಪವಾಗಿ ಪೇಸ್ಟು ಸವರಿ, ಜಿಂಕ್ ಅಂಶವುಳ್ಳ ಆಯಿಲನ್ನು ತುಂಬಿ, ಪ್ಲಗ್ಗುಗಳನ್ನು ತೆಗೆದು ಸ್ಟಾರ್ಟರಿನಿಂದಲೇ ಆಯಿಲಿನ ಒತ್ತಡವನ್ನು ಬರಿಸಿ, ಆಮೇಲೆ ಚಾಲೂ ಮಾಡಿದ ಕ್ಷಣದಿಂದ ಇಪ್ಪತ್ತು ನಿಮಿಷ ಎರಡು ಸಾವಿರ ಸುತ್ತಿಗಿಂತ ಕೆಳಗಿಳಿಸದೆ ಓಡಿಸಬೇಕು; ಸ್ಲೋದಲ್ಲಿ ಬಿಟ್ಟರೆ ಕ್ಯಾಮಿನ ಮೂಗು ಅಲ್ಲಿಗೇ ಸವೆಯುತ್ತದೆ. ಮನೆಗೆ ಮನೆ ಅಂಟಿಕೊಂಡ ಜೆ.ಪಿ. ನಗರದ ಅಡ್ಡರಸ್ತೆಯಲ್ಲಿ, ಸೈಲೆನ್ಸರು ಇನ್ನೂ ಸರಿಯಾಗಿ ಕೂತಿರದ ಎಂಜಿನ್ನನ್ನು ಇಪ್ಪತ್ತು ನಿಮಿಷ ಆರ್ಭಟಿಸಲು ಬಿಡುವುದಕ್ಕೆ ನೆರೆಯವರ ಪೂರ್ವಾನುಮತಿ ಬೇಕಾಗುತ್ತದೆ. ಮಧ್ಯಾಹ್ನದ ಊಟವಾಗಿ ಮಲಗುವ ಹೊತ್ತನ್ನೂ, ಪರೀಕ್ಷೆಯ ತಿಂಗಳನ್ನೂ ಬಿಟ್ಟು ಹನ್ನೊಂದು ಗಂಟೆಯ ಸುಮಾರಿಗೆ ಇಟ್ಟುಕೊಳ್ಳುವುದು ವಾಸಿ. ಅದಾದ ಬಳಿಕ ಆಯಿಲನ್ನು ಬಿಸಿಯಿರುವಾಗಲೇ ಇಳಿಸಿ, ಅದರಲ್ಲಿ ಲೋಹದ ಪುಡಿಯಿದೆಯೇ ಎಂದು ಆಯಸ್ಕಾಂತದಿಂದ ನೋಡಿ, ಎಂಜಿನ್ನು ಪೂರ್ತಿ ಆರಿದ ಮೇಲೆ, ಅಂದರೆ ಮರುದಿನ ಬೆಳಿಗ್ಗೆ, ಟಪೆಟ್ಟಿನ ಅಂತರವನ್ನು 0.15 ಮಿಲಿಮೀಟರಿಗೆ ಮತ್ತೊಮ್ಮೆ ಹೊಂದಿಸಬೇಕು. ಮೊದಲು ಒಂದನೆಯ ಸಿಲಿಂಡರು, ಕ್ರ್ಯಾಂಕನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಎರಡನೆಯದು, ಆಮೇಲೆ ಮೂರು, ಆಮೇಲೆ ನಾಲ್ಕು.